ಟಕ್ ಅಂತದ, ತಿರುಗವಲ್ದು

1/8

ಫೋಟೋದಾಗ ಇರೋದು ನಮ್ಮ ಟ್ರ್ಯಾಕ್ಟರ್. ಹೊಸದರಂಗ ಕಾಣ್ತದಲ್ಲ? ಆ ಬಣ್ಣದ ಕತಿ ಕೊನಿಗೆ ಬರ್ತದ, ತಡೀರಿ.

ಜೂನ್ ತಿಂಗಳು. ಮಿರಗ ಮಳಿ ಬಂದು ಹೊಳವಾಗಿ ಎರಡು ದಿನ ಆಗಿತ್ತು. ನಮ್ಮೂರು ಸೇಡಂ ತಾಲೂಕು, ಮಳಖೇಡದ ಹತ್ರ, ಕಾಗಿಣಾ ಹೊಳಿ ದಂಡಿಗೆ. ಎಲ್ಲಾ ಎರಿ ಹೊಲ. ಎರಿ ಹೊಲದವರಿಗೆ ಹದ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ: ಮಳಿ ನಿಂತ ಕೂಡ್ಲೇ ಇಳಿದ್ರ ಗಾಲಿ ಹುಗೀತಾವ, ನಾಲ್ಕು ದಿನ ಬಿಟ್ರ ನೆಲ ಒಣಗಿ ಬಿರೀತದ. ನಡುವಿನ ಎರಡು ಮೂರು ದಿನದಾಗ ತೊಗರಿ ಬಿತ್ತಬೇಕು. ನಮ್ಮ ಹೊಲ ಅಷ್ಟೇ ಅಲ್ಲ, ಬಾಡಿಗಿಗೆ ಒಪ್ಪಿಕೊಂಡ ಇನ್ನೂ ಮೂರು ಮಂದಿ ಹೊಲ ಇತ್ತು. ವರ್ಷದ ರೊಕ್ಕ ಆ ಮೂರು ದಿನದಾಗೇ ಇರ್ತದ.

ಮುಂಜಾನಿ ಐದೂವರೆಗೆ ಅಪ್ಪ ಸೀಟಿನ ಮ್ಯಾಲ ಕೂತು ಕೀಲಿ ತಿರುವಿದ.

ಟಕ್.

ಮತ್ತೊಮ್ಮೆ. ಟಕ್. ಅಷ್ಟೇ. ಎಂಜಿನ್ ಅಲುಗಾಡ್ಲಿಲ್ಲ.

"ಬ್ಯಾಟರಿ ಹೋಗ್ಯಾದ" ಅಂದ ಅಪ್ಪ. ನಾನು ಐಟಿಐನಲ್ಲಿ ಮೆಕ್ಯಾನಿಕ್ ಡೀಸೆಲ್ ಓದೋ ಹುಡುಗ. ಮನೆಯವರ ಮುಂದ ಸುಮ್ನೆ ಇರ್ಲಿಕ್ಕೆ ಆಗ್ತದೇನು? "ಹೌದು ಯಪ್ಪಾ, ಬ್ಯಾಟರಿನೇ" ಅಂದೆ. ಮೀಟರ್ ಹಚ್ಚಿ ನೋಡ್ಲಿಲ್ಲ. ಬೈಕ್ ಮ್ಯಾಲ ಹಳೇ ಬ್ಯಾಟರಿ ಕಟ್ಟಿಕೊಂಡು ಹೋಗಿ, ಅದನ್ನ ಅಂಗಡಿಗೆ ಕೊಟ್ಟು, ಮ್ಯಾಲ ಏಳು ಸಾವಿರ ಹಾಕಿ ಹೊಸದು ತಂದೆ. ಕೂಡ್ರಿಸಿದ್ವಿ. ಅಪ್ಪ ಕೀಲಿ ತಿರುವಿದ.

ಟಕ್.

2/8

ಈ ಫೋಟೋ ನಮ್ಮ ಕಾಕಾನ ಕಾಲಿಂದು. ಅವರನ್ನ ಕೇಳಿನೇ ಹಾಕೀನಿ.

ಹೊಸ ಬ್ಯಾಟರಿಗೂ ಟಕ್ ಅಂದಾಗ ಒಂದು ಅಂಗಡಿಗೆ ಫೋನ್ ಹಚ್ಚಿದ್ವಿ. ಗಾಡಿ ನೋಡದೇನೇ "ಸೆಲ್ಫ್ ಸುಟ್ಟದ, ಬಿಚ್ಚಿಕೊಂಡು ಬರ್ರಿ, ಹೊಸದೇ ಹಾಕಬೇಕು" ಅಂದ್ರು. ಅಪ್ಪನ ಮುಖ ನೋಡಿದೆ. ಹೊತ್ತು ಏರ್ಲಿಕತ್ತಿತ್ತು. ಅಪ್ಪ ಕೆಳಗ ಇಳಿದು, "ದೊಡ್ಡ ಪಾನಾ ತಗೊಂಡ್ ಬಾ. ಡೈರೆಕ್ಟ್ ಹೊಡಿತೀನಿ" ಅಂದ.

ಡೈರೆಕ್ಟ್ ಹೊಡಿಯೋದು ಅಂದ್ರ ನಮ್ಮ ಕಡಿ ಎಲ್ಲರಿಗೂ ಗೊತ್ತು. ಕೀಲಿ ಬಿಟ್ಟು, ಸೆಲ್ಫ್ ಮೋಟರಿನ ಎರಡು ಟರ್ಮಿನಲ್ ನಡುವ ಪಾನಾ ಇಟ್ಟು ಕಿಡಿ ಹಾರಿಸಿ ಚಾಲು ಮಾಡೋದು. ಹಂಗ ಮಾಡೋವಾಗ ಮನುಷ್ಯ ಎಲ್ಲಿ ನಿಂತಿರ್ತಾನ? ಸೀಟಿನ ಮ್ಯಾಲ ಅಲ್ಲ. ಮುಂದಿನ ಗಾಲಿ, ಹಿಂದಿನ ದೊಡ್ಡ ಗಾಲಿ, ಎರಡರ ನಡುವ, ನೆಲದ ಮ್ಯಾಲ.

ಕೀಲಿ ತಿರುವಿದಾಗ ಕರೆಂಟು ನ್ಯೂಟ್ರಲ್ ಸ್ವಿಚ್ ಇಲ್ಲಾ ಕ್ಲಚ್ ಸ್ವಿಚ್ ದಾಟಿ ಹೋಗ್ತದ. ಗೇರಿನಾಗ ಇದ್ರ ಅದು ಬಿಡಂಗಿಲ್ಲ. ಪಾನಾಕ್ಕ ಗೇರ್ ಗೊತ್ತಾಗಂಗಿಲ್ಲ. ಗಾಡಿ ಗೇರಿನಾಗ ಇದ್ರೂ ಎಂಜಿನ್ ಹತ್ತಿಕೊಳ್ತದ, ದೊಡ್ಡ ಗಾಲಿ ನಿಂತವನ ಮ್ಯಾಲೇ ಬರ್ತದ. ಜಗತ್ತಿನ ತುಂಬ ಟ್ರ್ಯಾಕ್ಟರಿನಿಂದ ಮಂದಿ ಸಾಯೋ ರೀತಿಯೊಳಗ ಇದೂ ಒಂದು.

ಕಾಕಾ ಹಂಗೇ ಹೊಡೀಲಿಕ್ಕೆ ಹೋಗಿ ಐದು ವರ್ಷ ಆಯ್ತು. ಬಲಗಾಲಿನ ಎಲುಬು ಎರಡು ಕಡಿ ಮುರೀತು. ಜಿಗಿದಿದ್ದಕ್ಕ ಜೀವ ಉಳೀತು. ಇವತ್ತಿಗೂ ಕುಂಟಿಕೋತ ನಡೀತಾರ.

ಅವತ್ತು ಕಟ್ಟಿ ಮ್ಯಾಲ ಕೂತಿದ್ದ ಕಾಕಾ ಪಾನಾ ಅನ್ನೋ ಮಾತು ಕೇಳಿದ್ದೇ ಎದ್ದು ಬಂದ್ರು. "ಬ್ಯಾಡೋ ಅಣ್ಣಾ. ತೊಗರಿ ಮುಂದಿನ ವರ್ಷನೂ ಬಿತ್ತಬಹುದು" ಅಂದ್ರು.

ಅಪ್ಪ ಪಾನಾ ನನ್ನ ಕೈಯಾಗ ಕೊಟ್ಟು, "ಮತ್ತ ನೀ ನೋಡು. ಐಟಿಐ ಓದ್ಲಿಕತ್ತೀದಿ" ಅಂದ.

3/8

ನಮ್ಮ ಬ್ಯಾಚಿನಾಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಐದೂ ಕಡಿ ಹುಡುಗರಿದ್ದೀವಿ. ವಾಡಿ ದೋಸ್ತಗ ಫೋನ್ ಮಾಡಿದೆ. ಅವನ ಚಾಚಾ ಮೂವತ್ತು ವರ್ಷದಿಂದ ಸಿಮೆಂಟ್ ಲಾರಿಗಳ ವೈರಿಂಗ್ ಕೆಲಸ ಮಾಡ್ತಾರ. "ಬರ್ಲಿಕ್ಕೆ ಆಗಂಗಿಲ್ಲ ಬೇಟಾ, ಎರಡು ಲಾರಿ ನಿಂತಾವ. ಫೋನ್ ಸ್ಪೀಕರಿನ ಮ್ಯಾಲ ಇಡು. ಮೀಟರ್ ಅದ ಏನು?" ಅಂದ್ರು. ಇತ್ತು.

"ಮೊದಲ ಕಿವಿ. ಆಮ್ಯಾಲ ಕಣ್ಣು. ಕಡೀಕ ಮೀಟರ್. ಕೈ ಎಲ್ಲಕ್ಕಿಂತ ಕಡೀಕ" ಅಂದ್ರು. ಅಂದ್ರ ಬಿಚ್ಚೋದು ಕೊನೆಯ ಕೆಲಸ.

ಅವರು ಹೇಳಿದ ಸದ್ದಿನ ಲೆಕ್ಕ ಇಲ್ಲಿದೆ, ಸೇವ್ ಮಾಡ್ಕೊಳ್ರಿ:

ಕೀಲಿ ತಿರುವಿದ್ರ ಸದ್ದೇ ಇಲ್ಲ: ತೆಳ್ಳನ್ನ ವಾಯರಿನ ದಾರಿ ನೋಡಿ. ಫ್ಯೂಸ್, ಕೀಲಿ ಸ್ವಿಚ್, ನ್ಯೂಟ್ರಲ್ ಸ್ವಿಚ್, ರಿಲೇ. ಇಲ್ಲಾಂದ್ರ ಬ್ಯಾಟರಿ ಪೂರ್ತಿ ಖಾಲಿ.

ಟಕಟಕಟಕ ಅಂತ ಬಿಡದೆ ಬಡೀತದ: ಸೊಲೆನಾಯ್ಡ್ ಎಳೀತದ, ಮೋಟರ್ ಕರೆಂಟು ಜಗ್ಗಿದ ಕೂಡ್ಲೇ ವೋಲ್ಟೇಜ್ ಬೀಳ್ತದ, ಕೈ ಬಿಡ್ತದ, ಮತ್ತ ಎಳೀತದ. ಹೆಚ್ಚಿನ ಸಲ ಬ್ಯಾಟರಿ ಇಳಿದಿರ್ತದ ಇಲ್ಲಾ ಟರ್ಮಿನಲ್ ಸಡಿಲ ಇರ್ತದ.

ಒಂದೇ ಗಟ್ಟಿ ಟಕ್: ಸೊಲೆನಾಯ್ಡ್ ಎಳೆದದ, ಆದ್ರ ದಪ್ಪ ಕರೆಂಟು ಸರಿಯಾಗಿ ಹೋಗವಲ್ದು. ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಸವೆದಿರಬಹುದು, ಕೇಬಲ್ ಕೆಟ್ಟಿರಬಹುದು, ಎಂಜಿನ್ನೇ ಹಿಡಿದಿರಬಹುದು.

ಸರ್ರ್ ಅಂತ ಮೋಟರ್ ತಿರುಗ್ತದ, ಎಂಜಿನ್ ತಿರುಗವಲ್ದು: ಕರೆಂಟಿನ ತಪ್ಪಲ್ಲ. ಪಿನಿಯನ್ ಫ್ಲೈವ್ಹೀಲಿನ ಹಲ್ಲಿಗೆ ಹಿಡೀವಲ್ದು.

ನಮ್ಮದು ಮೂರನೇದು. ಅದರೊಳಗ ನಾಲ್ಕು ಕಾರಣ. ಅಂಗಡಿಯವರು ಅದರಾಗ ಒಂದನ್ನ ಫೋನಿನಾಗೇ ಆರಿಸಿದ್ರು. ಅದಕ್ಕಿಂತ ಮೊದಲು ನಾನೂ ಹಂಗೇ ಬ್ಯಾಟರಿ ಆರಿಸಿದ್ದೆ. ಅವರಿಗೂ ನನಗೂ ಫರಕ್ ಏನು?

4/8

ಫೋಟೋ ವಾಡಿ ಜಂಕ್ಷನ್ನಿಂದು. ಮುಂಬೈ–ಚೆನ್ನೈ ಲೈನು, ಸಿಕಂದರಾಬಾದಿಗೆ ಹೋಗೋ ಲೈನು ಇಲ್ಲೇ ಕೂಡ್ತಾವ. ಸೆಲ್ಫ್ ಸರ್ಕ್ಯೂಟ್ ತಿಳಿಸ್ಲಿಕ್ಕೆ ಚಾಚಾ ಇದನ್ನೇ ಹಿಡಿದ್ರು.

"ಗೂಡ್ಸ್ ಗಾಡಿ ಬರ್ತದಲ್ಲ, ಸಿಮೆಂಟ್ ಹೊತ್ತುಕೊಂಡು? ಅದನ್ನ ಬಿಡೋದು ಯಾರು? ಒಂದು ಸಣ್ಣ ಸಿಗ್ನಲ್. ಸಿಗ್ನಲಿಗೆ ಬೇಕಾಗೋದು ಎಳಿಯಷ್ಟು ವಾಯರ್. ಗೂಡ್ಸಿಗೆ ಬೇಕಾಗೋದು ಕಬ್ಬಿಣದ ಹಳಿ. ನಿನ್ನ ಟ್ರ್ಯಾಕ್ಟರಿನಾಗೂ ಹಂಗೇ ಎರಡು ದಾರಿ ಅವ."

ತೆಳ್ಳನ್ನ ದಾರಿ: ಬ್ಯಾಟರಿಯಿಂದ ಕೀಲಿ, ಕೀಲಿಯಿಂದ ನ್ಯೂಟ್ರಲ್ ಸ್ವಿಚ್, ಅಲ್ಲಿಂದ ಸೊಲೆನಾಯ್ಡ್. ಇದು ಸಿಗ್ನಲ್. ದಪ್ಪ ದಾರಿ: ಬ್ಯಾಟರಿ ಪ್ಲಸ್ಸಿನಿಂದ ದಪ್ಪ ಕೇಬಲ್, ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್, ಅಲ್ಲಿಂದ ಮೋಟರ್. ಇದು ಹಳಿ. ಟಕ್ ಅಂದ್ರ ಸಿಗ್ನಲ್ ಬಿದ್ದದ ಅಂತ ಅರ್ಥ. ಗಾಡಿ ಬರ್ಲಿಲ್ಲ ಅಂದ್ರ ಹಳಿ ನೋಡಬೇಕು.

"ಹಳಿ ಎಷ್ಟು ಅವ, ಬೇಟಾ?" ಅಂತ ಕೇಳಿದ್ರು.

"ಒಂದೇ. ಪ್ಲಸ್ ಕೇಬಲ್."

"ಒಂದು ಹಳಿ ಮ್ಯಾಲ ಗೂಡ್ಸ್ ಓಡ್ತದ ಏನು?"

ನನಗ ಹೊಳೀಲೇ ಇಲ್ಲ ನೋಡ್ರಿ. ಕರೆಂಟು ಹೋದಷ್ಟೇ ತಿರುಗಿ ಬರಬೇಕು. ಮೋಟರಿನ ಮೈಯಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಟ್ರ್ಯಾಕ್ಟರ್ ಬಾಡಿಗೆ, ಬಾಡಿಯಿಂದ ಅರ್ಥ್ ಪಟ್ಟಿ ಹಿಡಿದು ಬ್ಯಾಟರಿ ಮೈನಸ್ಸಿಗೆ. ಈ ಎರಡನೇ ಹಳಿಗೆ ಕೆಂಪು ಬಣ್ಣ ಇಲ್ಲ, ಹೊದಿಕೆ ಇಲ್ಲ, ವೈರಿಂಗ್ ನಕ್ಷೆಯಾಗ ಮೂರು ಸಣ್ಣ ಗೆರಿ ಬಿಟ್ರ ಬ್ಯಾರೆ ಏನೂ ಇಲ್ಲ. ಅದಕ್ಕೇ ಯಾರೂ ಅದನ್ನ ನೋಡಂಗಿಲ್ಲ. ಪರೀಕ್ಷೆಯಾಗ ಆ ನಕ್ಷೆ ಬರೆದು ನನಗ ಪೂರ್ತಿ ಮಾರ್ಕ್ಸ್ ಬಂದಿದ್ವು.

5/8

"ಹೆಡ್‌ಲೈಟ್ ಹಚ್ಚು. ಈಗ ಅಪ್ಪಗ ಕೀಲಿ ಹೊಡಿ ಅನ್ನು. ಲೈಟ್ ಏನ್ ಮಾಡ್ತದ ಹೇಳು."

ಹಚ್ಚಿದೆ. ಛಲೋ ಬೆಳಕು. ಅಪ್ಪ ಕೀಲಿ ತಿರುವಿದ ಕೂಡ್ಲೇ ಲೈಟು ಕೆಂಡದಂಗ ಕೆಂಪಗಾಯ್ತು. ಬಿಟ್ರ ಮತ್ತ ಬೆಳ್ಳಗ.

ಚಾಚಾ ಹೇಳಿದ್ರು: ಲೈಟು ಹಂಗೇ ಇದ್ದು ಟಕ್ ಅಂದ್ರ ಮೋಟರಿಗೆ ಕರೆಂಟೇ ಹೋಗವಲ್ದು, ಸೊಲೆನಾಯ್ಡ್ ಕಾಂಟ್ಯಾಕ್ಟ್, ಕಾರ್ಬನ್ ಕಡಿ ನೋಡು. ಲೈಟು ಸಾಯ್ಲಿಕತ್ರ ಎರಡೇ ಮಾತು. ಒಂದು ಬ್ಯಾಟರಿನೇ ಕುಸೀಲಿಕತ್ತದ. ಇಲ್ಲಾ ಲೈಟು ಮತ್ತು ಮೋಟರು ಇಬ್ಬರೂ ನಡೆಯೋ ದಾರಿಯಾಗ ಕಲ್ಲು ಬಿದ್ದದ.

"ಈಗ ಮೀಟರ್. ಡಿಸಿ 20 ವೋಲ್ಟಿಗೆ ಇಡು. ಬ್ಯಾಟರಿಯ ಎರಡು ಗುಬುಟಿ ಮ್ಯಾಲ ಹಚ್ಚು, ಕ್ಲ್ಯಾಂಪಿನ ಮ್ಯಾಲ ಅಲ್ಲ."

ಸುಮ್ನೆ ಇದ್ದಾಗ 12.6. ಕೀಲಿ ತಿರುವಿದಾಗ 12.1.

ಚಾಚಾ ನಕ್ಕರು. "ಬ್ಯಾಟರಿಗೆ ಏನೂ ಆಗಿಲ್ಲ. ಅದು ಆರಾಮ ಕೂತದ. ಹಳೇದು ಎಲ್ಲಿ?"

"ಅಂಗಡಿಗೆ ಕೊಟ್ಟೆ, ಚಾಚಾ."

ಆ ಕಡಿಯಿಂದ ಸ್ವಲ್ಪ ಹೊತ್ತು ಮಾತು ಬರ್ಲಿಲ್ಲ. ಬೈಗುಳ ತಿಂದಿದ್ರೂ ನನಗ ಅಷ್ಟು ನಾಚಿಕೆ ಆಗ್ತಿದ್ದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸ್ರಿ. ಸೆಲ್ಫ್ ತಿರುಗೋವಾಗ ಬ್ಯಾಟರಿ ಒಂದಿಷ್ಟು ಇಳೀಲೇಬೇಕು. ಒಳ್ಳೇ ಬ್ಯಾಟರಿ 10ರ ಆಸುಪಾಸು ಇರ್ತದ, 9.6ಕ್ಕಿಂತ ಕೆಳಗ ಹೋದ್ರ ಬ್ಯಾಟರಿ ಇಲ್ಲಾ ಮೋಟರಿನ ಮ್ಯಾಲ ಅನುಮಾನ. ನಮ್ಮದು 12.1ಕ್ಕ ನಿಂತಿತ್ತು. ಬ್ಯಾಟರಿ ಆರಾಮ, ಲೈಟಿಗೆ ಮಾತ್ರ ಉಸಿರಿಲ್ಲ. ಹಂಗಾದ್ರ ವೋಲ್ಟೇಜು ನಡುವ ಎಲ್ಲೋ ಕಳೀಲಿಕತ್ತದ.

6/8

ನಾನು ಶಾಣ್ಯಾತನ ಮಾಡಿದೆ. ಮೀಟರನ್ನ ಬೀಪ್ ಕಡಿ ತಿರುವಿ ಎರಡೂ ಕೇಬಲ್ ನೋಡಿದೆ. ಬೀಪ್. ಬೀಪ್. "ಚಾಚಾ, ಎರಡೂ ಬರೋಬರಿ ಅವ."

"ಬೀಪಿನ ಮಾತು ಕೇಳಬ್ಯಾಡ ಬೇಟಾ. ಅದು ಖಾಲಿ ಕೈ ಮನುಷ್ಯನ್ನ ನಡಿಸಿ ನೋಡ್ತದ. ಕ್ವಿಂಟಲ್ ಚೀಲ ಹೊರಿಸಿ ನೋಡು."

ಇದರ ಹಿಂದೆ ಇರೋದು ಓಮನ ನಿಯಮ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ್ದು, ನಾವು ಹೈಸ್ಕೂಲಿನಾಗ ಬಾಯಿಪಾಠ ಮಾಡಿದ್ದು. ವೋಲ್ಟೇಜ್ ಅಂದ್ರ ಕರೆಂಟು ಗುಣಿಸು ರೆಸಿಸ್ಟೆನ್ಸ್. ಒಂದು ಜೋಡಣೆಯಾಗ ಬರೀ 0.01 ಓಮ್ ಅಡ್ಡಿ ಇದೆ ಅನ್ಕೊಳ್ರಿ. ನಮ್ಮ ಸಾದಾ ಮೀಟರಿಗೆ ಅದು ಕಾಣಂಗೇ ಇಲ್ಲ, ಬೀಪ್ ಅಂತದ. 5 ಆಂಪಿಯರ್ ತಗೊಳೋ ಲೈಟಿಗೆ ಅಲ್ಲಿ ಕಳೆಯೋದು 0.05 ವೋಲ್ಟ್. ಗೊತ್ತೇ ಆಗಂಗಿಲ್ಲ. ಅದೇ ದಾರಿಯಾಗ ಸೆಲ್ಫ್ ಮೋಟರು 200 ಆಂಪಿಯರ್ ಜಗ್ಗಿದ್ರ 2 ವೋಲ್ಟ್ ಅಲ್ಲೇ ಹೋಗ್ತದ. 400 ವ್ಯಾಟ್ ಬಿಸಿಯಾಗಿ. ಅದಕ್ಕೇ ಕೆಟ್ಟ ಜೋಡಣೆ ಕೈಗೆ ಸುಡ್ತದ.

ಹಂಗಾಗಿ ಭಾರ ಇದ್ದಾಗಲೇ ಅಳೀಬೇಕು. ಮಾಡೋ ರೀತಿ:

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಗಟ್ಟಿ, ಒಬ್ಬರು ಸೀಟಿನ ಮ್ಯಾಲ. ಡೀಸೆಲ್ ಎಂಜಿನ್ ಹತ್ತಿಕೊಳ್ಳಬಾರದಂತ ಸ್ಟಾಪ್ ವಾಯರ್ ಜಗ್ಗಿ ಹಿಡೀರಿ. ಮೀಟರ್ ವೋಲ್ಟಿನ ಮ್ಯಾಲೇ ಇರಲಿ, ಆಂಪಿಯರ್ ಕಡಿ ಇಟ್ಟು ಈ ದಾರಿಯಾಗ ಹಚ್ಚಿದ್ರ ಮೀಟರ್ ಸುಟ್ಟು ಹೋಗ್ತದ. ಮೀಟರ್ ವಾಯರು ಫ್ಯಾನಿನಿಂದ ದೂರ.

ಪ್ಲಸ್ ಹಳಿ: ಒಂದು ಕಡ್ಡಿ ಬ್ಯಾಟರಿ ಪ್ಲಸ್ ಗುಬುಟಿಗೆ, ಇನ್ನೊಂದು ಸೊಲೆನಾಯ್ಡ್ ದಾಟಿ ಮೋಟರಿನ ಒಳಗ ಹೋಗೋ ಟರ್ಮಿನಲ್ಲಿಗೆ. ಕೀಲಿ ತಿರುವಿದಾಗ ಮಾತ್ರ ಓದಬೇಕು.

ಮೈನಸ್ ಹಳಿ: ಒಂದು ಕಡ್ಡಿ ಬ್ಯಾಟರಿ ಮೈನಸ್ ಗುಬುಟಿಗೆ, ಇನ್ನೊಂದು ಮೋಟರಿನ ಬರೀ ಮೈಗೆ, ಬಣ್ಣ ಇಲ್ಲದ ಕಡಿ.

ಒಂದೊಂದು ಬದಿಗೆ ಅರ್ಧ ವೋಲ್ಟಿನ ಒಳಗ ಬಂದ್ರ ಛಲೋ. ಒಂದೇ ಜೋಡಣೆಯಾಗ 0.2 ದಾಟಿದ್ರ ಬಿಚ್ಚಿ ಸ್ವಚ್ಛ ಮಾಡ್ರಿ.

ನಮ್ಮ ಪ್ಲಸ್: 0.3. ಬರೋಬರಿ.

ನಮ್ಮ ಮೈನಸ್: 7.2.

ಲೆಕ್ಕ ಮಾಡಿ ನೋಡ್ರಿ. 12.1ರಾಗ 0.3 ಮತ್ತು 7.2 ಹೋದ್ರ ಮೋಟರಿಗೆ ಮುಟ್ಟಿದ್ದು 4.6 ವೋಲ್ಟ್. ಸೊಲೆನಾಯ್ಡ್ ಹಿಡಿದು ನಿಲ್ಲಲಿಕ್ಕೆ ಅಷ್ಟು ಸಾಕು. ಎಂಜಿನ್ ತಿರುಗಿಸ್ಲಿಕ್ಕೆ ಸಾಲಂಗಿಲ್ಲ.

7/8

"ಈಗ ಮೀಟರಿನ ಕಡ್ಡಿ ಹಿಡಕೊಂಡು ಒಂದೊಂದೇ ಜೋಡಣೆ ಹಿಂದ ಬಾ" ಅಂದ್ರು ಚಾಚಾ. ಮೋಟರಿನ ಮೈಯಿಂದ ಎಂಜಿನ್ನಿಗೆ: 0. ಎಂಜಿನ್ನಿನಿಂದ ಬಾಡಿಗೆ: 0. ಬಾಡಿಯಿಂದ ಅರ್ಥ್ ಪಟ್ಟಿಯ ಕಿವಿಗೆ: 7.

ಆ ಬೋಲ್ಟು ಕಾಲು ಇಡೋ ತಗಡಿನ ಕೆಳಗ ಇತ್ತು. ಬ್ಯಾಟರಿ ಬದಲಿ ಮಾಡೋವಾಗ ಆ ಕಡಿ ಕೈ ಹಾಕಿರಲೇ ಇಲ್ಲ. ಮುಟ್ಟಿ ನೋಡಿದೆ, ಬಿಸಿ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಆಮ್ಯಾಲ ಆ ಬೋಲ್ಟ್ ಬಿಚ್ಚಿದೆ. ಪಟ್ಟಿಯ ಕಿವಿ ಎತ್ತಿದೆ.

ಕೆಳಗ ಬಣ್ಣ ಇತ್ತು. ಹೊಸಾ, ಹೊಳೆಯೋ ಬಣ್ಣ, ಅಂಚಿಗೆ ತುಕ್ಕು.

ಮೇ ತಿಂಗಳ ಸೂಟಿಯಾಗ ನಾನೇ ಟ್ರ್ಯಾಕ್ಟರಿಗೆ ಬಣ್ಣ ಹೊಡೆದಿದ್ದೆ. ರೀಲ್ ಹಾಕಿದ್ದೆ, ನಿಮ್ಮೊಳಗ ಭಾಳ ಮಂದಿ ಲೈಕ್ ಕೊಟ್ಟೀರಿ. ಬಾಡಿ ಪೂರ್ತಿ ಬರ್ಲಿ ಅಂತ ಅರ್ಥ್ ಪಟ್ಟಿ ಬಿಚ್ಚಿ, ಬಣ್ಣ ಹೊಡೆದು, ಒಣಗಿದ ಮ್ಯಾಲ ಬಣ್ಣದ ಮ್ಯಾಲೇ ಕೂಡ್ರಿಸಿ ಬಿಗಿದಿದ್ದೆ. ಬೋಲ್ಟಿನ ಮರಿ ಹಿಡಿದು ಹೆಂಗೋ ಕರೆಂಟು ದಾಟ್ತಿತ್ತು. ಬ್ಯಾಸಿಗಿ ನಡೀತು. ಮಳಿ ಬಿತ್ತು, ತುಕ್ಕು ಹಿಡೀತು, ಆ ದಾರಿನೂ ಸಣ್ಣಾಯ್ತು. ಹಾರ್ನ್ ಬಡೀತಿತ್ತು, ಲೈಟು ಹತ್ತುತ್ತಿತ್ತು. ಭಾರ ಬಿದ್ದಾಗಲೇ ಬಣ್ಣ ಬಯಲಾಯ್ತು.

ಫೋನ್ ಇನ್ನೂ ಸ್ಪೀಕರಿನ ಮ್ಯಾಲ ಇತ್ತು. ಅಪ್ಪ ನನ್ನ ಬೆನ್ನ ಹಿಂದೇ ನಿಂತಿದ್ದ. ಸುಳ್ಳು ಹೇಳಬಹುದಿತ್ತು. ತುಕ್ಕು ಅಂದಿದ್ರ ಮುಗೀತಿತ್ತು, ತುಕ್ಕೂ ಇತ್ತಲ್ಲ. "ಯಪ್ಪಾ, ಇದು ನಾ ಹಚ್ಚಿದ ಬಣ್ಣ" ಅಂದೆ.

ಉಸುಕಿನ ಕಾಗದದಿಂದ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆರೆದೆ, ಕಬ್ಬಿಣ ಬೆಳ್ಳಗ ಕಾಣೋ ತನಕ. ಪಟ್ಟಿಯ ಕಿವಿನೂ ತಿಕ್ಕಿದೆ. ಬಿಗಿದು, ಮ್ಯಾಲಿಂದ ನೀರು ಹೋಗಬಾರದಂತ ಗ್ರೀಸ್ ಹಚ್ಚಿದೆ. ಬ್ಯಾಟರಿ ಮೈನಸ್ ಕೊನಿಗೆ ಹಾಕಿದೆ.

ಸ್ಟಾಪ್ ವಾಯರ್ ಜಗ್ಗಿ ಮತ್ತ ಅಳೆದೆ. ಮೈನಸ್ ಹಳಿ 0.1. ಬ್ಯಾಟರಿ ಈಗ 10.4ಕ್ಕ ಇಳೀತು. ಅದು ಕೆಟ್ಟ ಸುದ್ದಿ ಅಲ್ಲ, ಬ್ಯಾಟರಿ ಈಗ ಖರೇ ದುಡೀಲಿಕತ್ತಿತ್ತು. ವಾಯರ್ ಬಿಟ್ಟೆ. ಅಪ್ಪ ಕೀಲಿ ತಿರುವಿದ. ಎಂಜಿನ್ ಅರ್ಧ ಸುತ್ತಿಗೇ ಹತ್ತಿಕೊಂಡಿತು.

ಹನ್ನೊಂದು ಗಂಟೆ ಆಗಿತ್ತು. ಅಪ್ಪ ಬೈತಾನ ಅಂತ ಕಾದೆ. "ಬಣ್ಣ ಹಚ್ಚಿದವನೂ ನೀನೇ, ಕೆರೆದವನೂ ನೀನೇ. ನಡಿ, ಕೂರಿಗಿ ಕಟ್ಟು" ಅಂದ. ಏಳು ಸಾವಿರದ ಮಾತು ಅವತ್ತು ಎತ್ತಲಿಲ್ಲ. ಇವತ್ತಿನ ತನಕ ಎತ್ತಿಲ್ಲ. ಅದೇ ಭಾರ ನೋಡ್ರಿ.

8/8

ಕೊನೆಯ ಫೋಟೋ ಹೂವಾಡಿದ ತೊಗರಿಯದು. ಹದದಾಗೇ ಬಿತ್ತಿದ್ವಿ. ಬಾಡಿಗಿ ಹೊಲಗಳೂ ಮುಗಿದ್ವು, ಒಂದು ರಾತ್ರಿ ನಿದ್ದಿ ಬಿಟ್ಟು.

ಸೆಲ್ಫ್ ಅಂತ ಯಾಕ ಅಂತೀವಿ ಗೊತ್ತೇನು? ಮೊದಲು ಕಾರಿನ ಎಂಜಿನ್ನನ್ನ ಮುಂದ ನಿಂತು ಹ್ಯಾಂಡಲಿನಿಂದ ತಿರುವಬೇಕಿತ್ತು. ಎಂಜಿನ್ ತಿರುಗಿ ಒದ್ದರ ಕೈ ಮುರೀತಿತ್ತು. ಅಮೆರಿಕಾದ ಚಾರ್ಲ್ಸ್ ಕೆಟರಿಂಗ್ ಮಾಡಿದ ಕರೆಂಟಿನ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂತು. ಗಾಡಿ ತಾನೇ ಚಾಲು ಆಗ್ತದ, ಅದಕ್ಕ ಸೆಲ್ಫ್ ಸ್ಟಾರ್ಟರ್. ಅದಕ್ಕಿಂತ ಮೊದಲು ಕೆಟರಿಂಗ್ ಅಂಗಡಿ ಗಲ್ಲಾದ ಯಂತ್ರಕ್ಕ ಮೋಟರ್ ಮಾಡಿದ್ರು. ಅಲ್ಲಿ ಕಲಿತಿದ್ದು ಇಷ್ಟು: ಕ್ಷಣ ಹೊತ್ತು ದುಡಿಯೋ ಸಣ್ಣ ಮೋಟರಿಗೆ ದೊಡ್ಡ ಭಾರ ಹಾಕಬಹುದು, ಆದ್ರ ಕ್ಷಣ ಹೊತ್ತು ಮಾತ್ರ. ಅದಕ್ಕೇ ಸೆಲ್ಫ್ 10 ಸೆಕೆಂಡಿಗಿಂತ ಹೆಚ್ಚು ಹೊಡೀಬ್ಯಾಡ್ರಿ, ನಡುವ ಅರ್ಧ ನಿಮಿಷ ಆದ್ರೂ ಬಿಡ್ರಿ. ಇಲ್ಲಾಂದ್ರ ಖರೇನೇ ಸುಡ್ತದ.

ಮಂದಿ ಕೈ ಉಳೀಲಿ ಅಂತ ಬಂದ ಸಾಮಾನು ಇದು. ಪಾನಾ ಇಟ್ಟು ಕಾಲು ಕಳಕೊಂಡ್ರ ಅದಕ್ಕೇನು ಅರ್ಥ?

ಚಿಂಚೋಳಿ ದೋಸ್ತ ಹೇಳ್ತಿದ್ದ, ಅವರ ಓಣಿಯಾಗ ಒಂದು ಗಾಡಿ ವರ್ಷದಿಂದ ಇಳಕಲಿಗೇ ನಿಲ್ಲಿಸ್ತಾರಂತ, ದಬ್ಬಿ ಚಾಲು ಮಾಡ್ಲಿಕ್ಕೆ. ಶಹಾಬಾದಿನವ ಹೇಳ್ತಾನ, ಫರ್ಸಿ ತುಂಬೋ ತನಕ ಟ್ರ್ಯಾಕ್ಟರ್ ಬಂದೇ ಮಾಡಂಗಿಲ್ಲಂತ, ಮತ್ತ ಹತ್ತಲ್ಲ ಅಂತ ಅಂಜಿಕಿ. ಚಿತ್ತಾಪುರದವನ ಬೈಕಿಗೆ ಮೂರು ತಿಂಗಳಾಗ ಎರಡು ಬ್ಯಾಟರಿ. ಇವರೆಲ್ಲರ ಹತ್ರ ಮೀಟರ್ ಅದ. ಇಲ್ಲಾ ನಮ್ಮೊಳಗ ಯಾರದಾದ್ರೂ ಮೀಟರ್ ಅವರ ಓಣಿಯಾಗೇ ಅದ.

ಹೋದ ವಾರ ವಾಡಿಗೆ ಹೋಗಿ ಚಾಚಾನ್ನ ಕಂಡೆ. ತೊಗರಿ ಬ್ಯಾಳಿ ಒಂದು ಚೀಲ ಒಯ್ದಿದ್ದೆ, ಹೋದ ವರ್ಷದ್ದು. ರೊಕ್ಕ ಮುಟ್ಟಲಿಲ್ಲ, ಬ್ಯಾಳಿ ತಗೊಂಡ್ರು. "ನಿನ್ನ ಬೋಲ್ಟ್ ಹೆಂಗದ?" ಅಂದ್ರು.

ಛಲೋ ಅದ ಚಾಚಾ. ಸುತ್ತ ಬಣ್ಣ, ನಡುವ ನಾಣ್ಯದಷ್ಟು ಬರೀ ಕಬ್ಬಿಣ. ಆ ಕಡಿಯಿಂದ ಫೋಟೋ ತೆಗೆದ್ರ ಚಂದ ಕಾಣಂಗಿಲ್ಲ. ಇರ್ಲಿ.

ನಿಮ್ಮ ಗಾಡಿ ಟಕ್ ಅಂದ್ರ ಬ್ಯಾಟರಿ ಹೊತ್ತುಕೊಂಡು ಓಡೋಕಿಂತ ಮೊದಲು ಕಮೆಂಟಿನಾಗ ಹಾಕ್ರಿ: ಯಾವ ಸದ್ದು, ಲೈಟು ಏನ್ ಮಾಡ್ತದ, ಎರಡೂ ಹಳಿಯ ವೋಲ್ಟ್ ಎಷ್ಟು. ಕೂತು ನೋಡೋಣ.

#ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ #ಚಿಂಚೋಳಿ #ಮೆಕ್ಯಾನಿಕ್‌ಡೀಸೆಲ್ #ಸೆಲ್ಫ್‌ಸ್ಟಾರ್ಟರ್ #ಪಾನಾಬ್ಯಾಡ